ಕಡಲಿಗೆ ಹಕ್ಕುಪತ್ರವೆ?

ಇಂಡೊನೇಷ್ಯದ ಜನರು ‘ಪ್ರಾಣ ಮತ್ತು ಆಸ್ತಿ’ ಎಂದು ಹೇಳಬೇಕಾದಲ್ಲಿ ತಮ್ಮ ಭಾಷೆಯಲ್ಲಿ ‘ಜಿವ ದಾನ್ ಹರ್ತ ಬೆಂದ’ ಎನ್ನುತ್ತಾರೆ. ಇದರಲ್ಲಿ ‘ದಾನ್’ ಎಂಬ ಸಮುಚ್ಚಯಾವ್ಯಯವೊಂದು ಮಾತ್ರ ಆ ನಾಡಿನದು. ಮಿಕ್ಕವುಗಳಲ್ಲಿ ಜಿವವು ಜೀವ, ಹರ್ತವು ಅರ್ಥ, ಬೆಂದವು ಭಾಂಡ. ಅವರ ಹಳ್ಳಿಗೆ ‘ದೇಸ’ವೆಂದು ಹೆಸರು, ಭೂಮಿಗೆ ‘ಬುಮಿ’ಯೆಂದು ಹೆಸರು, ಜಾವಾ ದ್ವೀಪದವರು ಸಮುದ್ರವನ್ನು ‘ಸೆಗರ’ವೆನ್ನುವರು. ಸಂಸ್ಕೃತದ ಈ ಶಬ್ದಗಳು ಎಂದೋ ಹಡಗನ್ನೇರಿ ಹೋಗಿ ಅಲ್ಲಿ ಮನೆಮಾತಾಗಿ ನಿಂತಿವೆ. ಆ ದೂರದೇಶದ ಬೆಸ್ತರ ವಿಚಾರವು ನಮಗೇತಕ್ಕೆ ಎಂದು ವಾಚಕರಲ್ಲಿ ಯಾರಾದರೂ ಕೇಳಿದರೆ, ಅವರ ಜೀವಾರ್ಥಗಳ ಹೆಸರುಗಳೇ ನಮ್ಮೊಡನೆ ನಂಟು ಹೇಳುತ್ತಿವೆಯೆಂಬುದು ಮೊದಲನೆಯ ಉತ್ತರ. ಅಲ್ಲಿ ಎದ್ದಿರುವ ಪ್ರಶ್ನೆಯು ನಮ್ಮ ಧರ್ಮಶಾಸ್ತ್ರಕಾರರು ಬಹು ಶ್ರಮಪಟ್ಟು ವಿಚಾರಿಸಿದ ಪ್ರಶ್ನೆಯೇ ಆಗಿದೆಯೆಂಬುದು ಎರಡನೆಯ ಉತ್ತರ.

ಪ್ರಶ್ನೆಯು ಇದು: ಆಸ್ತಿಯು ಹುಟ್ಟುವುದು ಕಾಗದದಿಂದಲೋ, ಅನುಭವದಿಂದಲೋ? ಇದಕ್ಕೆ ವಿದ್ಯಾವಂತರೆನಿಸಿಕೊಂಡವರಲ್ಲಿ ಅನೇಕರು ಈಗ ಕೊಡುವ ಉತ್ತರವು ತಪ್ಪೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಡೆದ ಸಂಗತಿಯನ್ನು ಹೇಳುವೆನು. ಜಕಾರ್ತ ಮಹಾನಗರಕ್ಕೆ ಪಶ್ಚಿಮದಲ್ಲಿ, ಬಾಂತೆನ್ ಪ್ರಾಂತದ ತಂಗೆರಂಗ್ ಜಿಲ್ಲೆಯ ಉತ್ತರ ಕರಾವಳಿಯಲ್ಲಿ ಕೊಹೋದ್ ಎಂಬುದೊಂದು ಸಣ್ಣ ದೇಸ. ಈ ಕರಾವಳಿಯ ಆಳವಿಲ್ಲದ ಕಡಲಿನಲ್ಲಿ ಬಿದಿರಿನ ಗಳುಗಳನ್ನು ಸಾಲಾಗಿ ನೆಟ್ಟು ಯಾರೋ ಬೇಲಿ ಹಾಕುತ್ತಿರುವರೆಂಬ ದೂರು 2024ನೆಯ ಆಗಸ್ಟ್ ತಿಂಗಳಲ್ಲಿಯೇ ಪ್ರಾಂತದ ಮೀನುಗಾರಿಕೆಯ ಇಲಾಖೆಯನ್ನು ಮುಟ್ಟಿತ್ತು. 2025ನೆಯ ಜನವರಿಯಲ್ಲಿ ಸುದ್ದಿಯು ದೇಶವ್ಯಾಪಿಯಾಗುವ ವೇಳೆಗೆ ಬೇಲಿಯು 30.16 ಕಿಲೋಮೀಟರ್ ಉದ್ದ ಬೆಳೆದು, ಆರು ತಾಲೂಕುಗಳ 16 ಹಳ್ಳಿಗಳ ಮುಂದೆ ಹಾದು ಹೋಗಿತ್ತು. ಆ ಇಲಾಖೆಯವರ ಎಣಿಕೆಯಂತೆ, ಆ ನೀರನ್ನು ನಂಬಿ ಬದುಕುತ್ತಿದ್ದವರು 3,888 ಮಂದಿ ಬೆಸ್ತರು ಮತ್ತು 502 ಮಂದಿ ಮೀನು ಚಿಪ್ಪುಗಳನ್ನು ಸಾಕುವವರು. ಜನವರಿ 9ರಂದು ಸರಕಾರದವರು ಬೇಲಿಗೆ ಮೊಹರು ಹಾಕಿದರು. 18ರಂದು ನೌಕಾದಳದವರೂ ಬೆಸ್ತರೂ ಸೇರಿ ಗಳುಗಳನ್ನು ಕೀಳತೊಡಗಿದರು.

ಇಷ್ಟೇ ಆಗಿದ್ದರೆ ಇದೊಂದು ಅತಿಕ್ರಮಣದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಜನವರಿ 20ರಂದು ಭೂಮಿಯ ಇಲಾಖೆಯ ಮಂತ್ರಿಗಳೇ ಒಪ್ಪಿಕೊಂಡ ಇನ್ನೊಂದು ಸಂಗತಿಯುಂಟು. ಕೊಹೋದಿನ ಮುಂದಣ ಆ ಪ್ರದೇಶಕ್ಕೆ ಕಟ್ಟಡ ಕಟ್ಟುವ ಹಕ್ಕನ್ನು ಕೊಡುವ 263 ಪತ್ರಗಳೂ, ಪೂರ್ಣಸ್ವಾಮ್ಯದ 17 ಪತ್ರಗಳೂ ಸರಕಾರಿ ಕಚೇರಿಯಿಂದಲೇ ಹೊರಟಿದ್ದವು! ಮೊದಲನೆಯ ಜಾತಿಯವುಗಳಲ್ಲಿ ಬಹುಪಾಲು ಎರಡು ಕಂಪನಿಗಳ ಹೆಸರಿನಲ್ಲಿದ್ದವು. ಅವು ಹಳೆಯ ಕಾಲದ ಪತ್ರಗಳೂ ಅಲ್ಲ. ಐದು ವರ್ಷಗಳೊಳಗಿನವಾದುದರಿಂದ ನ್ಯಾಯಸ್ಥಾನಕ್ಕೆ ಹೋಗದೆ ತಾವೇ ಅವನ್ನು ರದ್ದು ಮಾಡಬಹುದೆಂದು ಮಂತ್ರಿಗಳು ಹೇಳಿದರು. ತೀರರೇಖೆಯ ಆಚೆಗಿದ್ದ ಪತ್ರಗಳ ರದ್ದತಿಗೂ ತೊಡಗಿದರು. ಫೆಬ್ರವರಿಯಲ್ಲಿ ಪೊಲೀಸರು, ಹಳ್ಳಿಗರ ಹೆಸರುಗಳನ್ನು ಬಳಸಿ ಕೃತ್ರಿಮ ಭೂಪತ್ರಗಳನ್ನು ಸೃಷ್ಟಿಸಿದರೆಂದು ಆ ದೇಸದ ಮುಖ್ಯಸ್ಥನನ್ನೂ ಇತರ ಮೂವರನ್ನೂ ಆಪಾದಿತರನ್ನಾಗಿ ಮಾಡಿದರು. ಅಪರಾಧಿಗಳು ಯಾರೆಂಬುದನ್ನು ನಿರ್ಣಯಿಸುವುದು ಆ ದೇಶದ ನ್ಯಾಯಸ್ಥಾನಗಳ ಕೆಲಸ; ನಮ್ಮದಲ್ಲ. ನಮ್ಮ ವಿಚಾರಕ್ಕೆ ಇಷ್ಟೇ ಸಾಕು: ಕಾಗದದಲ್ಲಿ ನೆಲ, ಕಣ್ಣೆದುರಿಗೆ ನೀರು.

ಇಂತಹ ಹಳ್ಳಿಯ ಒಂದು ಮನೆಯಲ್ಲಿ ಆಸ್ತಿಯೆಂದರೆ ಏನು? ಒಂದು ಗುಡಿಸಲು ಅಥವಾ ಸಣ್ಣ ಮನೆ, ಒಂದು ದೋಣಿ, ಅದೂ ಕೆಲವರಿಗೆ ಪಾಲಿನದು, ಅದಕ್ಕೊಂದು ಯಂತ್ರ, ನಾಲ್ಕಾರು ಬಲೆಗಳು. ಗಂಡಸರು ಏಡಿ, ಸಿಗಡಿ, ಸಣ್ಣಮೀನುಗಳನ್ನು ಹಿಡಿದು ತರುವರು. ಹೆಂಗಸರು ಅವನ್ನು ಬೇರ್ಪಡಿಸಿ, ಚಿಪ್ಪು ಬಿಡಿಸಿ, ಒಣಗಿಸಿ ಮಾರುವರು. ಈ ಸಾಮಗ್ರಿಗಳೆಲ್ಲವನ್ನೂ ಹರಾಜಿಗಿಟ್ಟರೂ ಬರುವ ಹಣವು ಸ್ವಲ್ಪ. ಆದರೆ ಆ ಮನೆಯು ತಲೆಮಾರುಗಳಿಂದ ಉಪವಾಸವಿಲ್ಲದೆ ಬದುಕಿದೆ. ಹೇಗೆಂದರೆ, ಆ ಆಸ್ತಿಯ ಮುಖ್ಯಭಾಗವು ಯಾವ ದಪ್ತರಿನಲ್ಲಿಯೂ ಬರೆದಿಲ್ಲ. ಯಾವ ಗಾಳಿಗೆ ಯಾವ ಮೀನು ಬರುವುದು, ಯಾವ ಮರಳುದಿಣ್ಣೆಯ ಬದಿಯಲ್ಲಿ ದೋಣಿ ಸಾಗುವುದು, ಯಾವ ತಿಂಗಳಲ್ಲಿ ಎಲ್ಲಿ ಬಲೆ ಹಾಕಬೇಕು ಎಂಬ ತಿಳಿವಳಿಕೆ ಮತ್ತು ಆ ನೀರಿಗೆ ತಡೆಯಿಲ್ಲದೆ ಹೋಗಿಬರುವ ದಾರಿ, ಈ ಎರಡೇ ಆ ಮನೆಯ ಮೂಲಧನ. ನೀರಿಗೆ ಬೇಲಿ ಹಾಕಿದಾಗ ದೋಣಿಯನ್ನು ಯಾರೂ ಕದಿಯಲಿಲ್ಲ, ಮನೆಯನ್ನು ಯಾರೂ ಕೆಡವಲಿಲ್ಲ. ಬೆಸ್ತನು ಬೇಲಿಯನ್ನು ಸುತ್ತಿಕೊಂಡು ಹೋಗಬೇಕಾಯಿತು, ಅಷ್ಟೆ. ಆದರೆ ಸುತ್ತಿಹೋಗುವ ದೋಣಿಗೆ ಎಣ್ಣೆ ಬೇಕು. ಎಣ್ಣೆಗೆ ಹಣ ಬೇಕು. ಆ ಹಣವು ಅಂದಿನ ಮೀನಿನಿಂದಲೇ ಬರಬೇಕು. ಹೀಗೆ ಕೈಯಲ್ಲಿದ್ದ ಆಸ್ತಿಯೆಲ್ಲ ಕೈಯಲ್ಲಿಯೇ ಇದ್ದು ನಿರರ್ಥಕವಾಗುವ ವಿಚಿತ್ರವನ್ನು ದಪ್ತರು ನೋಡಿ ತೀರ್ಪು ಹೇಳುವವರು ಹೇಗೆ ಕಂಡಾರು?

ಇನ್ನು ಪೂರ್ವಪಕ್ಷವನ್ನು ಕೇಳೋಣ. ಅದನ್ನು ದುರ್ಬಲವಾಗಿ ನಿರೂಪಿಸಿ ಗೆದ್ದೆವೆಂದು ಬೀಗುವುದು ಶಾಸ್ತ್ರಪದ್ಧತಿಯಲ್ಲ.

ಮೊದಲನೆಯ ವಾದಿಯು ಹೇಳುವನು: “ಕೊಹೋದಿನಲ್ಲಿ ನಡೆದುದು ಮೋಸ. ಮೋಸವನ್ನು ಮುಂದಿಟ್ಟುಕೊಂಡು ಪತ್ರವನ್ನೇ ನಿಂದಿಸಬಾರದು. ಬಡವನಿಗೆ ಪತ್ರವಿಲ್ಲದಿರುವುದೇ ಅವನ ಬಡತನಕ್ಕೆ ಕಾರಣ. ಪತ್ರವಿದ್ದರೆ ಸಾಲ ಹುಟ್ಟುವುದು, ವ್ಯಾಜ್ಯ ಅಡಗುವುದು, ಪ್ರಬಲನು ಒಕ್ಕಲೆಬ್ಬಿಸಲಾರನು.” ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳೆನು. 2015ರಲ್ಲಿ ಇಂಡೊನೇಷ್ಯದಲ್ಲಿದ್ದ ಸುಮಾರು 12 ಕೋಟಿ 60 ಲಕ್ಷ ಭೂಖಂಡಗಳಲ್ಲಿ 4 ಕೋಟಿ 60 ಲಕ್ಷಕ್ಕೆ ಮಾತ್ರ ಪತ್ರವಿತ್ತೆಂದು ಆಗಿನ ರಾಷ್ಟ್ರಾಧ್ಯಕ್ಷರು ಪದೇ ಪದೇ ಹೇಳುತ್ತಿದ್ದರು. ಮುಂದಿನ ವರ್ಷಗಳಲ್ಲಿ ಪತ್ರ ಕೊಡುವ ಕೆಲಸವು ಬಹು ಭರದಿಂದ ನಡೆಯಿತು. ಬಾಜೋ ಎಂಬ ಕಡಲಮಕ್ಕಳು ನೀರಿನಲ್ಲಿ ಕಂಬ ನೆಟ್ಟು ಮನೆ ಕಟ್ಟಿ ತಲೆತಲಾಂತರದಿಂದ ಬದುಕುವವರು. ವಾಕಾತೋಬಿ ದ್ವೀಪಗಳ ಬಾಜೋ ಜನರಿಗೆ 2022ರಲ್ಲಿ ಆ ಮನೆಗಳಿಗೆ ಪತ್ರ ದೊರೆಯಿತು. ಇದನ್ನು ಯಾರು ಆಕ್ಷೇಪಿಸುವರು? ಅಲ್ಲಿ ಮನೆಯು ಮೊದಲು, ಪತ್ರವು ಅನಂತರ. ವಾಸವಿದ್ದವನ ಬಳಿಗೆ ಕಾಗದವು ನಡೆದು ಬಂದಿತು. ಕೊಹೋದಿನಲ್ಲಾದರೋ, ಒಂದು ದಿನವೂ ಬಲೆ ಬೀಸದವನಿಗೆ ಕಾಗದವು ಸಿಕ್ಕಿತು. ದಿನವೂ ಬಲೆ ಬೀಸುವವನು ಅದರ ಹೊರಗೆ ನಿಂತನು. ಎರಡೂ ಪತ್ರಗಳೇ, ಆದರೆ ಮೊದಲನೆಯದು ಇದ್ದುದನ್ನು ಇದೆಯೆಂದಿತು, ಎರಡನೆಯದು ಇಲ್ಲದುದನ್ನು ಇದೆಯೆಂದಿತು.

ಈ ವಿವೇಕವನ್ನು ನಮ್ಮ ಸ್ಮೃತಿಕಾರರು ಬಹು ಹಿಂದೆಯೇ ಮಾಡಿದ್ದಾರೆ. ಯಾಜ್ಞವಲ್ಕ್ಯರು ವ್ಯವಹಾರದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನೂ ಪ್ರಮಾಣಗಳೆಂದು ಎಣಿಸುವರು. ಆಗಮವೆಂಬ ಹಕ್ಕಿನ ಮೂಲವು ಬರಿಯ ಅನುಭೋಗಕ್ಕಿಂತ ಹೆಚ್ಚಿನದೆಂದು ಒಪ್ಪುವರು. ಆದರೆ ಒಡನೆಯೇ ಎರಡು ಕಟ್ಟುಗಳನ್ನು ಹಾಕುವರು. ಪೂರ್ವಿಕರಿಂದ ಕ್ರಮವಾಗಿ ನಡೆದುಬಂದ ಅನುಭೋಗದ ಮುಂದೆ ಆಗಮದ ಹೆಚ್ಚಳವು ನಡೆಯದು. ಮತ್ತು ಎಲ್ಲಿ ಲೇಶಮಾತ್ರವೂ ಅನುಭೋಗವಿಲ್ಲವೋ ಅಲ್ಲಿ ಆಗಮಕ್ಕೇ ಬಲವಿಲ್ಲ. ಕೊಹೋದಿನ ಬೆಸ್ತನಿಗೆ ಮೊದಲನೆಯ ಕಟ್ಟು ಅನ್ವಯಿಸುವುದು. ಕಂಪನಿಯ ಪತ್ರಕ್ಕೆ ಎರಡನೆಯದು. ಯಾವ ಸಂಶೋಧಕಮಂಡಲಿಯೂ ಬೇಡ; ಒಂದು ಶ್ಲೋಕವನ್ನು ಬಲ್ಲ ಗ್ರಾಮವೃದ್ಧನು ಈ ವ್ಯಾಜ್ಯವನ್ನು ತೀರಿಸಬಲ್ಲನು.

“ಇವು ನಿಮ್ಮ ಶಾಸ್ತ್ರದ ಮಾತುಗಳು, ಆ ಬೆಸ್ತರಿಗೆ ನಿಮ್ಮ ಶಾಸ್ತ್ರವೆಲ್ಲಿಯದು?” ಎಂದರೆ, ಉತ್ತರವು ನಮ್ಮ ನಾಡಿನ ಕಲ್ಯಾಣದಲ್ಲಿ ಕುಳಿತು ಬರೆದವರಿಂದಲೇ ದೊರೆಯುತ್ತದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರರು, ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯುವುದೋ ಅಥವಾ ಲೋಕಸಿದ್ಧವೋ ಎಂದು ವಿಚಾರಿಸಿ, ಲೋಕಸಿದ್ಧವೆಂದೇ ನಿರ್ಣಯಿಸಿದರು. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ಇಲ್ಲಿ ಬಹು ಮನನೀಯವಾದುದು: ಶಾಸ್ತ್ರವ್ಯವಹಾರವನ್ನೇ ಕಾಣದ ಎಲ್ಲೆನಾಡಿನ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುತ್ತವೆ, ‘ಇದು ನನ್ನದು’ ಎಂಬ ವ್ಯವಹಾರವು ಕಾಣುತ್ತದೆ. ಎಂದಮೇಲೆ ದೋಣಿಯೇರುವವನ ಹಕ್ಕು ಹುಟ್ಟಬೇಕಾದರೆ ರಾಜಧಾನಿಯ ಮುದ್ರೆಯು ಬೇಕೆಂಬುದು ಯಾವ ನ್ಯಾಯ? ಮುದ್ರೆಯು ಹಕ್ಕಿಗೆ ಸಾಕ್ಷಿ, ಹಕ್ಕಿಗೆ ತಾಯಿಯಲ್ಲ.

ಕಾಗದವೇ ನಾಶವಾದಾಗ ಆಸ್ತಿಯು ಏನಾಗುವುದೆಂಬುದಕ್ಕೂ ಆ ದೇಶದಲ್ಲಿಯೇ ನಿದರ್ಶನವಿದೆ. 2004ನೆಯ ಡಿಸೆಂಬರ್ 26ರಂದು ಸುನಾಮಿಯು ಅಚೆ ಪ್ರಾಂತದ ಕರಾವಳಿಯನ್ನು ಬಳಿದುಕೊಂಡು ಹೋಯಿತು. ಲಕ್ಷಕ್ಕೆ ಮೀರಿ ಜೀವಗಳು ಹೋದವು, ಮನೆಗಳು ಹೋದವು, ಮನೆಯ ಗುರುತಾದ ಮರಗಳೂ ಬೇಲಿಗಳೂ ಹೋದವು, ಭೂದಾಖಲೆಗಳು ಕೆಸರುನೀರಿನಲ್ಲಿ ನೆನೆದವು. ಆಗ ಬದುಕುಳಿದ ಹಳ್ಳಿಗರೇ ಸೇರಿ, ನೆರೆಯವನು ನೆರೆಯವನಿಗೆ ಸಾಕ್ಷಿಯಾಗಿ ಎಲ್ಲೆಗಳನ್ನು ಗುರುತಿಸಿ ಒಪ್ಪಿಕೊಂಡರು. ಆ ಒಪ್ಪಿಗೆಯ ಮೇಲೆ ಸರಕಾರದವರು ಹೊಸ ಪತ್ರಗಳನ್ನು ಬರೆದರು. ಲಿಖಿತವು ಅಳಿದ ಮೇಲೂ ಭುಕ್ತಿ ಸಾಕ್ಷಿಗಳು ಉಳಿದು ಲಿಖಿತವನ್ನು ಮತ್ತೆ ಹುಟ್ಟಿಸಿದವು. ಭುಕ್ತಿ ಸಾಕ್ಷಿಗಳೆರಡೂ ಇಲ್ಲದೆ ಲಿಖಿತವೊಂದೇ ಇದ್ದರೆ ಏನು ಹುಟ್ಟುವುದೆಂಬುದನ್ನು ಕೊಹೋದಿನಲ್ಲಿ ನೋಡಿದೆವಷ್ಟೆ.

ಎರಡನೆಯ ವಾದಿಯು ಇವನಿಗಿಂತ ಜಾಣ. “ಆ ಜಾಗವು ಹಿಂದೆ ನೆಲವಾಗಿತ್ತು, ಅಲ್ಲಿ ಮೀನುಹೊಂಡಗಳಿದ್ದವು, ಕಡಲು ಕೊರೆದು ನುಂಗಿತು. ಮುಳುಗಿದರೂ ಒಡೆಯನ ಹಕ್ಕು ಮುಳುಗದು” ಎಂಬುದು ಅವನ ಯುಕ್ತಿ. ಇಂಡೊನೇಷ್ಯದ 1960ನೆಯ ಮೂಲಭೂಶಾಸನವು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ: ನೆಲವು ನಾಶವಾದರೆ ಅದರ ಮೇಲಿನ ಸ್ವಾಮ್ಯವೂ ಮುಗಿಯುವುದು. ಈ ನಿಯಮವು ಕಠಿಣವಾದುದು. ಅದರ ಕಾಠಿಣ್ಯವು ಯಾರ ಮೇಲೆ ಬಿದ್ದಿದೆಯೆಂಬುದನ್ನು ನೋಡಿರಿ. ಅದೇ ಜಾವಾದ ಉತ್ತರ ತೀರದಲ್ಲಿ, ದೇಮಕ್ ಜಿಲ್ಲೆಯ ತಿಂಬುಲ್‌ಸ್ಲೋಕೋ ಮೊದಲಾದ ಹಳ್ಳಿಗಳು ನೆಲ ಕುಸಿದು, ಕಡಲು ಒಳನುಗ್ಗಿ ಮುಳುಗುತ್ತ ಬಂದಿವೆ. ಒಂದು ಕಾಲಕ್ಕೆ ಅವು ಭತ್ತ ಬೆಳೆದ ಊರುಗಳು. ಅಲ್ಲಿಯ ಜನರು ಮನೆಯ ನೆಲವನ್ನು ವರ್ಷವರ್ಷಕ್ಕೂ ಎತ್ತರಿಸಿ, ತಲೆಬಗ್ಗಿಸಿ ಬಾಗಿಲು ದಾಟುತ್ತ, ಹಲಗೆಯ ಸೇತುವೆಗಳ ಮೇಲೆ ಓಡಾಡುತ್ತ ಬದುಕಿದವರು. ಅವರ ನಡುವೆ ಸೆಮರಂಗ್‌ನಿಂದ ದೇಮಕ್‌ಗೆ ಸುಂಕದ ಹೆದ್ದಾರಿಯೊಂದನ್ನು ಹಾಕುವಾಗ, ಮುಳುಗಿದ ಜಮೀನುಗಳನ್ನು ‘ನಾಶವಾದ ನೆಲ’ವೆಂದು ವರ್ಗೀಕರಿಸಿದರು. ಅವುಗಳ ಒಡೆಯರಿಗೆ ಪೂರ್ಣ ಕ್ರಯದ ಬದಲು, ಅದರ ಒಂದಂಶವನ್ನು ಮಾತ್ರ ‘ಕರುಣೆಯ ಧನ’ವೆಂಬ ಹೆಸರಿನಲ್ಲಿ ಕೊಡುವ ಏರ್ಪಾಡಾಯಿತು. ಪತ್ರವೂ ಇದ್ದು, ಅನುಭೋಗವೂ ಇದ್ದು, ನೆಲ ಮುಳುಗಿದ ಬಡವನಿಗೆ ಕರುಣೆ. ಅನುಭೋಗವೇ ಇಲ್ಲದೆ ನೀರಿಗೆ ಪತ್ರ ಪಡೆದವನಿಗೆ ಸ್ವಾಮ್ಯ! ಒಂದೇ ದೇಶ, ಒಂದೇ ದ್ವೀಪ, ಒಂದೇ ಶಾಸನ. ಇಂತಹ ತಕ್ಕಡಿಯನ್ನು ಅಂಗಡಿಯಲ್ಲಿ ಹಿಡಿದರೆ ನಮ್ಮ ಸಂತೆಯ ಜನರು ಸುಮ್ಮನಿರುವರೆ?

ಇದು ಒಂದೂರಿನ ಕಥೆಯಲ್ಲವೆಂಬುದಕ್ಕೆ ಇನ್ನೊಂದು ಮಾತು. ಜಕಾರ್ತದ ಪೂರ್ವಕ್ಕೆ ಬೆಕಾಸಿ ಜಿಲ್ಲೆಯಲ್ಲಿ ಸೆಗರಜಯವೆಂಬ ದೇಸವಿದೆ. ಅಲ್ಲಿ ಗಟ್ಟಿನೆಲದ ಮೇಲೆ ಹಳ್ಳಿಗರಿಗೆ ಕೊಟ್ಟಿದ್ದ 89 ಪತ್ರಗಳ ನಕ್ಷೆಗಳನ್ನು ಆಮೇಲೆ ಕಡಲಿನೊಳಕ್ಕೆ ಸರಿಸಲಾಗಿತ್ತೆಂದೂ, ಸರಿಸುವಾಗ ವಿಸ್ತೀರ್ಣವು ಸುಮಾರು 11 ಹೆಕ್ಟೇರಿನಿಂದ 72 ಹೆಕ್ಟೇರಿಗೆ ಏರಿತ್ತೆಂದೂ 2025ರಲ್ಲಿ ಮಂತ್ರಿಗಳೇ ಹೇಳಿದರು. ಸಾಗರಜಯ! ಹೆಸರಿಟ್ಟ ಹಿರಿಯರು ದೋಣಿಯಿಂದ ಗೆಲ್ಲುವುದನ್ನು ನೆನೆದಿರಬೇಕು. ಅವರ ಮೊಮ್ಮಕ್ಕಳ ಕಾಲದಲ್ಲಿ ಲೇಖನಿಯಿಂದ ಗೆದ್ದವರು ಬಂದರು.

ಮೂರನೆಯ ವಾದಿಯು ಅರ್ಥಶಾಸ್ತ್ರವನ್ನೋದಿದವನು. “ಎಲ್ಲರದೂ ಆದುದು ಯಾರದೂ ಅಲ್ಲ, ಒಡೆಯನಿಲ್ಲದ ಕಡಲು ಬರಿದಾಗುವುದು, ಆದುದರಿಂದ ಅದಕ್ಕೂ ಒಬ್ಬ ಒಡೆಯನಿರಲಿ” ಎಂಬುದು ಅವನ ಸೂತ್ರ. ಇದು ಮಾತಿನ ಭ್ರಾಂತಿ. ಸಾಮಾನ್ಯವಾದುದು ಬೇರೆ, ಅನಾಥವಾದುದು ಬೇರೆ. ಮಲುಕು ದ್ವೀಪಸ್ತೋಮದ ಹರುಕು ಎಂಬ ಹಳ್ಳಿಗೆ ಹೋಗಿ ನೋಡಿದರೆ ಈ ಭೇದವು ತಿಳಿಯುವುದು. ಅಲ್ಲಿ ‘ಸಾಸಿ’ಯೆಂಬ ಕಟ್ಟಳೆಯುಂಟು. ‘ಲೋಂಪ’ ಎಂಬ ಸಣ್ಣಮೀನುಗಳು ಮರಿಗಳಾಗಿ ತೀರಕ್ಕೆ ಬಂದಾಗಿನಿಂದ ಬೆಳೆಯುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ‘ಕೆವಂಗ್’ ಎಂಬ ಕಾವಲಿನವರು ನೋಡಿಕೊಳ್ಳುವರು, ತಪ್ಪಿದವನಿಗೆ ದಂಡ. ಕಾಲ ಬಂದಾಗ ಸಾಸಿಯನ್ನು ತೆರೆದು, ಊರಿಗೆ ಊರೇ ನೀರಿಗಿಳಿದು ಹಿಡಿಯುವುದು. ಈ ಕಾವಲಿನವರಿಗೆ 1985ರಲ್ಲಿ ಆ ದೇಶದ ಸರಕಾರವು ಪ್ರಕೃತಿರಕ್ಷಣೆಗಾಗಿ ಕೊಡುವ ಪ್ರಶಸ್ತಿಯನ್ನಿತ್ತಿತು. ಆ ಪ್ರಶಸ್ತಿಯ ಹೆಸರು ‘ಕಲ್ಪತರು’. ಅಚೆಯಲ್ಲಿ ‘ಪಂಗ್ಲಿಮ ಲಾವುತ್’ ಎಂಬ ಕಡಲಿನ ನಾಯಕನು ಬೆಸ್ತರ ವ್ಯಾಜ್ಯಗಳನ್ನು ತೀರಿಸುವನು. ಶುಕ್ರವಾರ ಕಡಲಿಗಿಳಿಯಬಾರದೆಂಬ ಕಟ್ಟನ್ನು ನಡೆಸುವನು. ಸುನಾಮಿಯು ಬಂದ ದಿನದ ನೆನಪಿಗೆ ಡಿಸೆಂಬರ್ 26ರಂದೂ ಅಲ್ಲಿ ದೋಣಿಗಳು ಹೊರಡವು. ಇವೆಲ್ಲ ಒಡೆಯನಿಲ್ಲದ ಕಡಲಿನ ಲಕ್ಷಣಗಳೆ? ಈ ಕಟ್ಟಳೆಗಳು ನಿರ್ದೋಷವೆಂದು ನಾನು ಸಾಧಿಸುವುದಿಲ್ಲ. ಕೆಲವೆಡೆ ಸಾಸಿಯ ಫಲವನ್ನೇ ವರ್ತಕರಿಗೆ ಗುತ್ತಿಗೆ ಕೊಟ್ಟು ಊರಿನವರು ನೋಡುತ್ತ ನಿಂತದ್ದೂ ಉಂಟು. ಆದರೆ ದೋಷವು ಅಲ್ಲಿ ಹೊಕ್ಕುದು ಸಾಮಾನ್ಯವಾದುದನ್ನು ಒಬ್ಬನಿಗೆ ಮಾರಿದ ಬಾಗಿಲಿನಿಂದ ಎಂಬುದನ್ನು ವಾದಿಯು ಮರೆಯದಿರಲಿ.

ಈ ಮೂರನೆಯ ವಾದವು ಒಮ್ಮೆ ಆ ದೇಶದ ಶಾಸನವಾಗಿಯೂ ಬಂದಿತ್ತು. 2007ನೆಯ ಕರಾವಳಿಶಾಸನವು ತೀರದ ನೀರನ್ನು 20 ವರ್ಷಗಳಿಗೆ ಖಾಸಗಿಯವರಿಗೆ ವಹಿಸಿಕೊಡಬಹುದೆಂದಿತು. ಆ ಅವಧಿಯನ್ನು ಮತ್ತೆ ಮತ್ತೆ ಬೆಳೆಸಬಹುದಾಗಿತ್ತು, ಆ ಹಕ್ಕನ್ನು ಪರಭಾರೆ ಮಾಡಬಹುದಾಗಿತ್ತು, ಸಾಲಕ್ಕೆ ಒತ್ತೆಯಿಡಬಹುದಾಗಿತ್ತು. ಬೆಸ್ತರೂ ಅವರ ಹಿತೈಷಿಗಳೂ ಸಂವಿಧಾನ ನ್ಯಾಯಸ್ಥಾನದ ಮೊರೆಹೊಕ್ಕರು. 2011ನೆಯ ಜೂನ್ 16ರಂದು ನ್ಯಾಯಸ್ಥಾನವು ಆ ಹಕ್ಕನ್ನು ತೊಡೆದುಹಾಕಿತು. ಭೂಮಿಯೂ ನೀರೂ ಜನರ ಪರಮಾವಧಿ ಹಿತಕ್ಕಾಗಿಯೇ ವಿನಿಯೋಗವಾಗಬೇಕೆಂಬ ಸಂವಿಧಾನದ ವಿಧಿಗೆ ಅದು ವಿರುದ್ಧವೆಂದೂ, ಪರಂಪರೆಯಿಂದ ಬಂದ ಜನರ ಹಕ್ಕುಗಳನ್ನು ಮನ್ನಿಸಬೇಕೆಂದೂ ಹೇಳಿತು. ಮುಂಬಾಗಿಲಿನಲ್ಲಿ ಹೀಗೆ ತಡೆಯಲ್ಪಟ್ಟುದೇ ಹತ್ತು ಹನ್ನೆರಡು ವರ್ಷಗಳ ಮೇಲೆ ಜಿಲ್ಲೆಯ ಭೂಕಚೇರಿಯ ಹಿಂಬಾಗಿಲಿನಿಂದ ಒಳಹೊಕ್ಕಿತು.

ಈ ತತ್ತ್ವಕ್ಕೂ ಆ ನೀರಿಗೂ ಹಳೆಯ ನಂಟು. 1603ರಲ್ಲಿ ಡಚ್ಚರು ಸಿಂಗಾಪುರದ ಬಳಿ ಪೋರ್ಚುಗೀಸರ ಹಡಗೊಂದನ್ನು ಹಿಡಿದರು. ಅದನ್ನು ಸಮರ್ಥಿಸಲು ಹೊರಟ ಗ್ರೋಷಿಯಸ್ ಎಂಬ ಪಂಡಿತನು, ಸಮುದ್ರವು ಯಾರ ಸ್ವತ್ತೂ ಆಗಲಾರದೆಂದು ವಾದಿಸಿದ ಗ್ರಂಥವು 1609ರಲ್ಲಿ ಪ್ರಕಟವಾಯಿತು. ಆ ತತ್ತ್ವವನ್ನು ಹಿಡಿದು ಬಂದ ಡಚ್ಚರೇ ಆಮೇಲೆ ಸಂಬಾರದ ದ್ವೀಪಗಳಿಗೆ ಬೀಗ ಹಾಕಿದರು. 1870ರಲ್ಲಿ, ಒಡೆತನವನ್ನು ರುಜುಪಡಿಸಲಾಗದ ನೆಲವೆಲ್ಲ ಸರಕಾರದ್ದೆಂದು ಸಾರಿದರು. ಕಾಗದವಿಲ್ಲದವನದು ಏನೂ ಅಲ್ಲವೆಂಬ ನೀತಿಯು ಆ ನಾಡಿಗೆ ಬಂದುದು ಹೀಗೆ. 1960ರ ಶಾಸನವು ಆ ಸಾರಿಕೆಯನ್ನು ಕಿತ್ತೊಗೆದು, ಜನರ ರೂಢಿಯ ಧರ್ಮವನ್ನೇ ಆಧಾರವೆಂದಿತು. ಸರಕಾರವು ನೆಲಜಲಗಳ ಒಡೆಯನಲ್ಲ, ಜನರ ಪರವಾಗಿ ಅವುಗಳನ್ನು ನಡೆಸತಕ್ಕದ್ದು ಎಂದಿತು. ಜೈಮಿನಿಯ ಮೀಮಾಂಸೆಯಲ್ಲಿಯೂ ಇದೇ ವಿಚಾರವಿದೆ. ವಿಶ್ವಜಿತ್ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನ ಮಾಡಬೇಕು. ಸಾರ್ವಭೌಮನಾದರೆ ಭೂಮಂಡಲವನ್ನೇ ಕೊಟ್ಟುಬಿಡಬಹುದೆ ಎಂಬ ಪ್ರಶ್ನೆಗೆ, ಕೂಡದು, ಭೂಮಿಯು ಎಲ್ಲರಿಗೂ ಸಮಾನವಾದುದು ಎಂಬುದೇ ಸಿದ್ಧಾಂತ. ರಾಜನು ಕಾಯುವವನು, ಕಾಯ್ದುದಕ್ಕೆ ಬೆಳೆಯಲ್ಲಿ ಅವನಿಗೆ ಪಾಲುಂಟು, ಕೊಡಲು ಅವನದಲ್ಲ. ನೆಲಕ್ಕೇ ಈ ನ್ಯಾಯವಾದರೆ, ಉಳಲಾಗದ, ಗಡಿಕಲ್ಲು ನಿಲ್ಲದ, ದಿನವೂ ಏರಿಳಿಯುವ ಕಡಲಿಗೆ ಹೇಳಬೇಕಾದುದೇನು?

ಆದಕಾರಣ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಬೆಸ್ತನ ಮನೆಗೆ, ಹಿತ್ತಿಲಿಗೆ, ನೀರಿನ ಮೇಲೆ ಕಂಬ ನೆಟ್ಟ ಗುಡಿಸಲಿಗೆ ಪತ್ರವು ಬರಲಿ, ಬೇಗ ಬರಲಿ. ಆದರೆ ಪತ್ರ ಬರೆಯುವವನು ಬರೆಯುವ ಮುನ್ನ ಕಚೇರಿಯಿಂದ ಎದ್ದು ಹೋಗಿ, ಆ ಸ್ಥಳವನ್ನು ಕಣ್ಣಾರೆ ಕಂಡು, ಅಲ್ಲಿ ಯಾರು ಬಾಳುತ್ತಿರುವರೆಂದು ನೆರೆಯವರನ್ನು ಕೇಳಲಿ. ಮೀನು ಹಿಡಿಯುವ ನೀರನ್ನು ಹಳ್ಳಿಯ ಹೆಸರಿನಲ್ಲಿ ಗುರುತಿಸಲಿ; ಮಾರುವುದಕ್ಕಲ್ಲ, ಮಾರದಂತೆ ಕಾಯುವುದಕ್ಕೆ. ಮೀನು ಹಿಡಿಯುವ ಹಕ್ಕನ್ನು 1960ರ ಶಾಸನವೇ ಹೆಸರಿಸಿದೆ. ಹೊಸದಾಗಿ ಕಲ್ಪಿಸಬೇಕಾದುದೇನೂ ಇಲ್ಲ. ನೆಲವು ಮುಳುಗಿದವನಿಗೆ ಕೊಡುವುದು ಕರುಣೆಯಲ್ಲ, ಋಣವೆಂದು ತಿಳಿಯಲಿ.

ಕೊಹೋದಿನ ಪತ್ರಗಳು ಹುಟ್ಟಿದುದು ಅಕ್ಷರವರಿಯದವರಿಂದ ಅಲ್ಲ. ನಕ್ಷೆ ಬರೆಯಬಲ್ಲವರು, ಲೆಕ್ಕ ಕಟ್ಟಬಲ್ಲವರು, ಕಾಯಿದೆಯನ್ನು ಓದಬಲ್ಲವರು ಸೇರಿ ಆ ಕೆಲಸ ಮಾಡಿದರು. ಆ ನೀರನ್ನು ನೀರೆಂದು ಮೊದಲು ಹೇಳಿದವರು ಬೆಸ್ತರು. ವಿದ್ಯೆಯನ್ನು ಕಲಿಸುವುದರಲ್ಲಿ ಆಯುಷ್ಯವನ್ನು ಸವೆಸಿದವನಿಗೆ ಈ ಮಾತು ಸುಲಭವಾಗಿ ಬಾಯಿಗೆ ಬಾರದು, ಆದರೂ ಹೇಳಲೇಬೇಕು. ಇದ್ದುದನ್ನು ಇದ್ದಂತೆ ಬರೆಯಲು ಕಲಿಸದ ಓದು, ಬರೆಯಲು ಬಾರದವನ ಅನ್ನಕ್ಕೆ ಹಾಕುವ ಬೇಲಿ. ಅದು ಬಿದಿರಿನದಕ್ಕಿಂತ ಗಟ್ಟಿಯಾದುದು.